ಊರಿನ ಮೋಡ

ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆ, ತಮ್ಮ ಶಾಂತವೀರ ಬಂದ. ಮೊದಲಾಗಿದ್ದರೆ ಸಂಡಿಗೆಯ ದಿನ ಊರಿನ ಮೋಡವನ್ನು ಹಗ್ಗ ಹಿಡಿದೆಳೆದು ಕೆರೆಯ ಮೇಲೆ ಕಟ್ಟಿ ಬರಬೇಕಿತ್ತು. ನಮ್ಮ ಪುಟ್ಟ ನಾಡಿಗೆ ಇದ್ದದ್ದು ಅದೊಂದೇ ಮೋಡ. ಈಗ ಆ ಗೋಜಿಲ್ಲ.

ನಾಡಿನ ಯಜಮಾನನಾಗಿ ನಮ್ಮನ್ನು ಪಕ್ಕದ ರಾಜ್ಯಕ್ಕೆ ಸೇರಿಸಿದವನು ಇವನೇ. ರೈಲು ಬರುತ್ತೆ, ಆಸ್ಪತ್ರೆ ಬರುತ್ತೆ, ಮೋಡ ಇಲ್ಲೇ ಇರುತ್ತೆ ಅಂದಿದ್ದ. ವಾರದಲ್ಲೇ ಮೋಡ ಅವರ ಕಬ್ಬಿನ ಗದ್ದೆಗೆ ಹೋಯಿತು, ಇವನು ಅಲ್ಲಿ ಮಂತ್ರಿಯಾದ.

"ಅಕ್ಕಾ, ಎಲ್ಲ ಮನೆಯ ಒಪ್ಪಿಗೆ ಪತ್ರವೂ ಬಂತು. ಎರಡು ವರ್ಷದಿಂದ ನಿನ್ನದೊಂದು ಬಾರದೆ ವಿಲೀನ ಕಾಯಂ ಆಗ್ತಿಲ್ಲ."

"ಮೋಡ ತಂದ ದಿನ ಕೊಡ್ತೀನಿ ಅಂದಿದ್ದೆನಲ್ಲೋ. ತಂದೆಯಾ?"

"ಅದು ಉಳಿಯಲ್ಲ ಅಂತ ಸಹಿ ಹಾಕುವಾಗಲೇ ನನಗೆ ಗೊತ್ತಿತ್ತು. ಅವರಿಗೆ ಬೇಕಿದ್ದದ್ದೇ ಅದು. ಟ್ಯಾಂಕರಿನಲ್ಲಿ ನೀರು ಕಳಿಸ್ತೀನಿ ಬಿಡಕ್ಕಾ."

ಆ ಮೋಡದ ನೆರಳಲ್ಲೇ ಇವನನ್ನು ಸೊಂಟದ ಮೇಲೆ ಹೊತ್ತು ಆಡಿಸಿದ್ದೆ. ಒಳಗೆ ಹೋಗಿ ಬರೆದೆ: "ಒಪ್ಪಿಗೆ ಇಲ್ಲ. ನಮ್ಮ ಮೋಡ ವಾಪಸು ಕೊಡಿ." ಸಂಡಿಗೆ ಹಿಟ್ಟಿನಲ್ಲೇ ಲಕೋಟೆ ಅಂಟಿಸಿ ಅವನ ಕೈಗಿಟ್ಟೆ.

"ನನ್ನಕ್ಕ ಅಂದರೆ ನನ್ನಕ್ಕ!" ಅಂದ. "ನಾಳೆ ವಿಧಾನಸಭೆಯಲ್ಲಿ ಎಲ್ಲರೆದುರು ನಾನೇ ಒಡೆದು ಓದ್ತೀನಿ."

"ಓದಪ್ಪಾ," ಅಂದೆ. "ಗಟ್ಟಿಯಾಗಿ ಓದು."