ಜಪಾನಿನಿಂದ ಬಂದ ಅರಿವೆ

ರೇಡಿಯೋದಲ್ಲಿ ಮಧ್ಯಾಹ್ನದ ವಾರ್ತೆ ಇನ್ನೂ ಮುಗಿದಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ರೇವವ್ವ ಹಿಟ್ಟಿನ ಕೈಯಲ್ಲೇ ತೊಟ್ಟಿಲಿಗೆ ಓಡಿದಳು. ಜಗತ್ತಿನ ಅತಿ ಹಿರಿಯ ಮಹಿಳೆ, ಜಪಾನಿನ ಅಜ್ಜಿ, ನೂರಾ ಹದಿನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಳು.

ಯಂಕಂಚಿಯ ರೇವವ್ವನಿಗೂ ಜಪಾನಿಗೂ ಏನು ಸಂಬಂಧ ಎಂದು ನಗಬೇಡಿ. ಮೂರು ಕೂಸುಗಳನ್ನು ಮಣ್ಣಿಗಿಟ್ಟವಳು ಆಕೆ. ಒಂದೂ ಮೂರು ತಿಂಗಳು ದಾಟಿರಲಿಲ್ಲ. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಪೇಪರಿನಲ್ಲಿ ಆ ಅಜ್ಜಿಯ ಫೋಟೋ ಬಂತು. ರೇಷ್ಮೆಹುಳ ಸಾಕಿ ಬಾಳಿದವಳು, ಹನ್ನೊಂದು ಹೆತ್ತವಳು, ಭೂಕಂಪ ಕಂಡವಳು, ಯುದ್ಧ ಕಂಡವಳು. ಇನ್ನೂ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ತುಂಬು ಬಾಳು ಬಾಳಿದವರು ಉಟ್ಟ ಹಳೆಯ ಅರಿವೆಯನ್ನು ಹೊದಿಸಿದರೆ ಕೂಸಿಗೂ ಆ ಆಯುಷ್ಯ ಅಂಟುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಪೋಸ್ಟ್‌ಮನ್ ಯಾಕೂಬಸಾಬನನ್ನು ಕೂರಿಸಿಕೊಂಡು ರೇವವ್ವ ಜಪಾನಿಗೆ ಕಾಗದ ಬರೆಸಿದಳು. ಒಂದು ತುಂಡು ಅರಿವೆ ಕಳಿಸು ತಾಯಿ, ಅಷ್ಟೇ.

ಮನೆಯಲ್ಲೇ ನೂರು ದಾಟಿದ ಬಾಳಮ್ಮ ಇದ್ದಳಲ್ಲ, ಗಂಡನ ಅಜ್ಜಿ? ಅವಳದು ಬೇಡವೇ ಬೇಡ. ಕೂಸುಗಳ ಆಯುಷ್ಯ ತಿಂದೇ ಮುದುಕಿ ಇಷ್ಟು ಬದುಕಿದ್ದು ಎಂದು ರೇವವ್ವ ಮುಖಕ್ಕೇ ಹೇಳಿದ್ದಳು. ತೊಟ್ಟಿಲ ಹತ್ತಿರವೂ ಬರಗೊಡುತ್ತಿರಲಿಲ್ಲ.

ಹೆರಿಗೆಗೆ ವಾರವಿದ್ದಾಗ ಯಾಕೂಬಸಾಬ ಪೊಟ್ಟಣ ತಂದುಕೊಟ್ಟ. ಮೇಲೆ ಸ್ಟಾಂಪಿರಲಿಲ್ಲ, ದಾರಿಯಲ್ಲಿ ಉದುರಿರಬೇಕು ಎಂದ. ಒಳಗೆ, ಒಗೆದೊಗೆದು ಬಣ್ಣ ಹೋಗಿ ಮೆತ್ತಗಾದ ನೂಲಿನ ಬಟ್ಟೆ. ರೇವವ್ವ ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಕೂಸು ಅದರಲ್ಲೇ ಮಲಗಿತು, ಮೂರು ತಿಂಗಳು ದಾಟಿತು, ಐದಕ್ಕೆ ಬಿತ್ತು.

ಕೂಸು ಹುಟ್ಟಿದ ಆ ಚಳಿಗಾಲದಿಂದ ಬಾಳಮ್ಮ ತಲೆಯ ಮೇಲೆ ಸೆರಗು ಹೊದೆಯುವುದನ್ನು ಬಿಟ್ಟಿದ್ದಳು. ಜೀವಮಾನವೆಲ್ಲ ಯಾರೆದುರೂ ಬರಿತಲೆಯಲ್ಲಿ ನಿಂತವಳಲ್ಲ. ಅರಳುಮರಳು ಎಂದು ರೇವವ್ವ ಮೂಗು ಮುರಿದಳು.

ಈಗ ನಾಲ್ಕು ದಿನದಿಂದ ಕೂಸಿನ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಸಿಂದಗಿಯ ಡಾಕ್ಟರು ಔಷಧ ಕೊಟ್ಟು, ಕಾದು ನೋಡೋಣ ಎಂದಿದ್ದರು. ಅದರ ಮೇಲೆ ಈ ಸುದ್ದಿ. ಕೊಟ್ಟವಳೇ ಹೋದ ಮೇಲೆ ಆಯುಷ್ಯವೆಲ್ಲಿಯದು? ಸತ್ತವಳ ಬಟ್ಟೆ ಈ ಕೂಸನ್ನೂ ಕರೆದುಕೊಂಡೇ ಹೋಗುತ್ತದೆ. ರೇವವ್ವ ತೊಟ್ಟಿಲಿನ ಅರಿವೆಯನ್ನು ಕಿತ್ತು ತಂದು ಉರಿಯುವ ಒಲೆಗೆ ಒಗೆದಳು.

ಮೂಲೆಯಲ್ಲಿದ್ದ ಬಾಳಮ್ಮ ತೆವಳಿ ಬಂದು ಒಲೆಗೆ ಕೈ ಹಾಕಿದಳು. ಅರಿವೆ ಹೊರಗೆಳೆದು, ಹತ್ತಿಕೊಂಡ ಅಂಚನ್ನು ಅಂಗೈಯಲ್ಲೇ ಹಿಸುಕಿ ಆರಿಸಿದಳು.

"ಬಿಡ್ರಿ ಆಯಿ, ಅದು ಸತ್ತಾಕಿದು. ನನ್ನ ಕೂಸಿನ್ನ ಒಯ್ತೈತಿ ಅದು," ಎನ್ನುತ್ತ ರೇವವ್ವ ಕಸಿಯಲು ಹೋದಳು.

ಬಾಳಮ್ಮ ಬಿಡಲಿಲ್ಲ. ಅದನ್ನು ಎದೆಗವಚಿಕೊಂಡು, ಮೋಟು ಸೆರಗನ್ನು ತಲೆಗೆಳೆಯಲು ನೋಡಿದಳು. ಅದು ಭುಜದ ತನಕವೇ ಬಂತು.

"ಸುಡಬ್ಯಾಡವ್ವಾ. ಇದನ್ನ ಉಟ್ಟಾಕಿ ಇನ್ನಾ ಸತ್ತಿಲ್ಲ."