ರಿವರ್ಸ್ ಗೇರಿನ ಕೂಗು

ನಂಬಿದರೆ ನಂಬಿ, ಇದು ನಡೆದದ್ದೇ. ಪರಶುರಾಂಪುರದ ಕ್ಯಾತಣ್ಣ ಕಾರನ್ನು ರಿವರ್ಸ್ ಗೇರಿಗೆ ಹಾಕಿದ್ದೇ ತಡ, ಹಿಂದಿನ ಬಂಪರಿನೊಳಗಿಂದ ಅವನದೇ ದನಿ ಕೂಗಿತು: "ಹುರ್ರ್ರ್... ಬರ್ರೇ, ಬರ್ರೇ!"

ಕ್ಯಾತಣ್ಣ ಕುರಿಗಳನ್ನು ಕರೆಯುವ ಆ ಕೂಗನ್ನು ಥೇಟ್ ಅಣಕಿಸಿ ರಿವರ್ಸ್ ಹಾರ್ನಿಗೆ ತುಂಬಿಸಿದ್ದವನು ಚಳ್ಳಕೆರೆಯ ಮೆಕ್ಯಾನಿಕ್ ಇಫ್ತಿಕಾರ್. ಕ್ಯಾತಣ್ಣ ಹೇಳಿದ ಸೀಟಿನ ಕೆಲಸವನ್ನೂ ನೀಟಾಗಿ ಮಾಡಿದ್ದ. ಹಿಂದಿನ ಸೀಟು ಮಡಚಿದರೆ ಆರು ಮರಿ ನಿಲ್ಲುತ್ತವೆ, ಬಿಡಿಸಿದರೆ ಮನೆಮಂದಿ ಮದುವೆಗೆ ಹೋಗಬಹುದು. ಈ ಕೂಗು ಮಾತ್ರ ಅವನ ಕಡೆಯಿಂದ ಪುಕ್ಕಟೆ. ಕ್ಯಾತಣ್ಣ ಬೆಚ್ಚಿಬೀಳುವುದನ್ನು ನೋಡಲೆಂದೇ ಕಾರನ್ನು ತಾನೇ ಕುರಿರೊಪ್ಪದವರೆಗೆ ತಂದುಕೊಟ್ಟಿದ್ದ.

ಬೆಚ್ಚಿದ್ದು ಇಫ್ತಿಕಾರನೇ. ಕೂಗು ಕೇಳಿದ ಕುರಿಗಳೆಲ್ಲ ರೊಪ್ಪದ ಬಾಗಿಲು ತಳ್ಳಿಕೊಂಡು, ಹಿಂದಕ್ಕೆ ಬರುತ್ತಿದ್ದ ಕಾರಿನ ಕಡೆಗೇ ಓಡಿದವು. ಎಲ್ಲಕ್ಕಿಂತ ಮುಂದೆ ಒಂದು ಪುಟ್ಟ ಮರಿ. "ನಿಲ್ಸಣ್ಣೋ! ಯಾ ಅಲ್ಲಾ, ನಿಲ್ಸು!" ಎಂದು ಕಾರಿನ ಹಿಂಬದಿ ಬಡಿಯುತ್ತಾ ಅವನು ಮರಿಯನ್ನು ಚಕ್ರದ ಬುಡದಿಂದ ಎಳೆದುಕೊಂಡ. ಕಾರು ಗಕ್ಕನೆ ನಿಂತಿತು. "ತಪ್ಪಾತಣ್ಣ, ತಮಾಷೆಗೆ ಮಾಡ್ದೆ. ಈಗ್ಲೇ ಕಿತ್ತಾಕ್ತೀನಿ," ಎಂದವನು ತಲೆ ಎತ್ತಲಿಲ್ಲ.

ಕ್ಯಾತಣ್ಣ ಇಳಿದು ಬಂದ. ಕುರಿಗಳು ಬಂಪರನ್ನೇ ನೋಡುತ್ತಾ ಕಾದು ನಿಂತಿದ್ದವು. "ಕೀಳಬ್ಯಾಡಲೇ, ಈ ಕೂಗನ್ನ ಮುಂದಕ್ಕೆ ಹೋಗೋ ಗೇರಿಗೆ ಹಾಕು. ನಾನು ಮುಂದೆ ಹೋಗ್ತೀನಿ, ಇವು ಹಿಂದೆ ಬರ್ತಾವೆ. ನಾನು ಸತ್ರೂ ನನ್ನ ಮಾತು ಕೇಳ್ತಾವಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ರೊಪ್ಪದ ಪಕ್ಕ ನಿಂತು ನೋಡುತ್ತಿದ್ದ ಹೆಂಡತಿ ಕೆಂಚಕ್ಕನೂ ನಕ್ಕಳು. ಅವನ ನಗೆಯೇ ಜೋರು. ಇಫ್ತಿಕಾರನಿಗೆ ಮಾತ್ರ ನಗು ಬರಲಿಲ್ಲ. ಅಂಗೈಯಡಿ ಮರಿಯ ಎದೆ ಇನ್ನೂ ಡವಡವ ಎನ್ನುತ್ತಿತ್ತು.