ಸೇತುವೆಯ ಕಾವಲುಗಾರ

ನಮ್ಮೂರ ಕಬ್ಬಿಣದ ಸೇತುವೆ ಇನ್ನೂ ನಿಂತಿರುವುದೇ ನನ್ನ ಗಂಟಲಿನ ಬಲದಿಂದ. ‘ಸೇತುವೆ ಉಳಿಸಿ’ ಸಮಿತಿಯ ಅಧ್ಯಕ್ಷನಾಗಿ ನಾನು ಭಾಷಣಕ್ಕೆ ನಿಂತರೆ ಹೊಳೆಯೇ ಹರಿಯುವುದನ್ನು ಬಿಟ್ಟು ಕೇಳುತ್ತಿತ್ತು. ಕೆಡವಬೇಕೋ ಬೇಡವೋ ಎಂದು ನೋಡಲು ಬಂದ ಎಂಜಿನಿಯರಮ್ಮ ಮಾತ್ರ ಮುಖ ಗಂಟು ಹಾಕಿದರು.

“ತೊಲೆಗಳೆಲ್ಲ ಗಟ್ಟಿಯಾಗಿವೆ. ಆದ್ರೆ ಬೋಲ್ಟುಗಳನ್ನ ಯಾರೋ ಬಿಚ್ಕೊಂಡು ಹೋಗ್ತಿದಾರಲ್ಲ? ಊರೋರೇ ಕಾಯದಿದ್ರೆ, ಕೆಡವಿ ಅಂತಲೇ ಬರೀಬೇಕಾಗುತ್ತೆ.”

“ಆಚೆ ದಡದ ಕಳ್ಳರು ಮೇಡಂ! ನಮ್ಮೂರಲ್ಲಿ ಅದನ್ನ ಮುಟ್ಟಿದವನ ಕೈ ಕತ್ತರಿಸಿಬಿಡ್ತೀನಿ!” ಎಂದು ಗುಡುಗಿ, ಕಾಫಿಗೆಂದು ಮನೆಗೆ ಕರೆತಂದೆ.

ತೊಟ್ಟಿಲಲ್ಲಿ ನನ್ನ ಮೊಮ್ಮಗಳು ಅಳುತ್ತಿದ್ದಳು. ಎಂಜಿನಿಯರಮ್ಮ ಅಕ್ಕರೆಯಿಂದ ಎತ್ತಿಕೊಂಡರು. ಹಾಸಿಗೆಯಡಿಯಿಂದ ಗೇಣುದ್ದದ ಬೋಲ್ಟೊಂದು ಠಣ್ಣೆಂದು ನೆಲಕ್ಕೆ ಬಿತ್ತು. ಹೊಳೆಯನ್ನೇ ನಿಲ್ಲಿಸಿದ್ದ ನಾನು ಅದನ್ನು ಕಾಲ್ಬೆರಳಿನಿಂದ ಮೆಲ್ಲಗೆ ತೊಟ್ಟಿಲಡಿಗೆ ತಳ್ಳತೊಡಗಿದೆ.

ನನ್ನವ್ವ ಅದನ್ನು ಸೆರಗಿನಿಂದ ಒರೆಸಿ ಮತ್ತೆ ತೊಟ್ಟಿಲಲ್ಲಿಟ್ಟಳು.

“ಪೀಡೆ ಪಿಶಾಚಿ ಹತ್ರ ಸುಳೀಬಾರ್ದು ಅಂತ ಕೂಸು ಮಲಗೋ ಕಡೆ ಕಬ್ಬಿಣ ಮಡಗ್ತೀವಿ ಕಣವ್ವ. ಊರಿನ ತೊಟ್ಟಿಲಿಗೆಲ್ಲ ನನ್ ಮಗನೇ ತಂದ್ಕೊಡಾದು. ನಿಮ್ಮನೇಲೂ ಕೂಸಿದ್ರೆ ಹೇಳು, ಈಗ್ಲೇ ಸೇತ್ವೆಯಿಂದ ಒಂದ್ ಬಿಚ್ಕೊಡ್ತಾನೆ.”